ನಾಸ್ತಿಕನ ನಗೆ ಯಾರ ಮೇಲೆ?

1976ನೆಯ ಇಸವಿಯನ್ನು ಎರಡು ಕಾರಣಗಳಿಗಾಗಿ ನೆನೆಯಬೇಕು. ತುರ್ತುಪರಿಸ್ಥಿತಿಯ ನಡುವೆ, ಮಾತಿಗೇ ಬೀಗ ಬಿದ್ದಿದ್ದ ಹೊತ್ತಿನಲ್ಲಿ, ಸಂಸತ್ತು ಅಂಗೀಕರಿಸಿದ ಸಂವಿಧಾನದ 42ನೆಯ ತಿದ್ದುಪಡಿಯು ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷೆಗೆ ಒಡ್ಡಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿಯನ್ನು ರಚಿಸಿದರು. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು, ತಮ್ಮ ಪವಾಡಗಳನ್ನು ನಿಯಂತ್ರಿತ ಪರಿಸ್ಥಿತಿಯಲ್ಲಿ ತೋರಿಸಿಕೊಡಬೇಕೆಂದು ವಿನಂತಿಸಿದರು. ಒಪ್ಪಿಗೆ ಬರಲಿಲ್ಲ. ಅನಂತರ ಎಚ್.ಎನ್. ಸಭೆಗಳಲ್ಲಿ ಎತ್ತುತ್ತಿದ್ದ ಪ್ರಶ್ನೆ ಮಾತ್ರ ಬೆಂಗಳೂರಿನ ಮನೆಮಾತಾಯಿತು: ಶೂನ್ಯದಿಂದ ಉಂಗುರ ಬರುವುದಾದರೆ ಒಂದು ಕುಂಬಳಕಾಯಿ ಏಕೆ ಬರಬಾರದು?

ಈ ಪ್ರಶ್ನೆಗೆ ನಕ್ಕವರಲ್ಲಿ ಬಾಬಾ ಅವರ ಭಕ್ತರೂ ಇದ್ದರು. ಅದಕ್ಕೆ ಕಾರಣವಿದೆ. ಆ ಮಾತಿನಲ್ಲಿ ಭಕ್ತನ ಬಗ್ಗೆ ಒಂದಕ್ಷರವೂ ಇಲ್ಲ. ದೇವರಿದ್ದಾನೆಯೇ ಇಲ್ಲವೇ ಎಂಬ ವಾದವೂ ಇಲ್ಲ. ಅಲ್ಲಿರುವುದು ಗಾತ್ರದ ಪ್ರಶ್ನೆ. ಉಂಗುರವನ್ನು ಬೆರಳ ಸಂದಿಯಲ್ಲಿ ಅಡಗಿಸಬಹುದು, ಕುಂಬಳಕಾಯಿಯನ್ನು ಅಡಗಿಸಲಾಗದು. ನಗುತ್ತ ನಗುತ್ತಲೇ ಕೇಳುಗ ಒಂದು ಪ್ರಯೋಗವನ್ನು ಮನಸ್ಸಿನಲ್ಲಿ ನಡೆಸಿ ಮುಗಿಸಿರುತ್ತಾನೆ. ತೀರ್ಮಾನವನ್ನು ಅವನಿಗೆ ಯಾರೂ ಹೇರಿರುವುದಿಲ್ಲ. ಖಾದಿ ಪಂಚೆ, ಜುಬ್ಬ, ಟೋಪಿ ತೊಟ್ಟು ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲಿ ಬಾಳಿದ ಆ ಭೌತವಿಜ್ಞಾನಿಯ ಬದುಕಿನಲ್ಲಿ ಯಾರೂ ಬೆರಳಿಟ್ಟು ತೋರಿಸಬಹುದಾದ ಆಡಂಬರವಿರಲಿಲ್ಲ ಎಂಬುದೂ ಆ ಹಾಸ್ಯಕ್ಕೆ ಬಲ ಕೊಟ್ಟಿತ್ತು.

ನಾನು ದೇವರನ್ನು ನಂಬುವವನಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದು, ಅದರಲ್ಲಿ ಹಲವು ವರ್ಷಗಳನ್ನು ಹಾಸನ ಜಿಲ್ಲೆಯಲ್ಲಿ ಕಳೆದಿದ್ದೇನೆ. ಕಂದಾಯ ಇಲಾಖೆಯ ನಾಸ್ತಿಕನ ಸ್ಥಿತಿಯೇ ಒಂದು ನಗೆಹನಿ. ಮುಜರಾಯಿ ದೇವಸ್ಥಾನಗಳ ಹುಂಡಿ ಎಣಿಕೆಗೆ ಅವನು ಹಾಜರಿರಬೇಕು, ಜಾತ್ರೆಯ ಬಂದೋಬಸ್ತಿನ ಸಭೆ ನಡೆಸಬೇಕು, ರಥ ಎಳೆಯುವ ಮುಹೂರ್ತ ತಪ್ಪಿದರೆ ಉತ್ತರ ಹೇಳಬೇಕು. ದೇವರಿಲ್ಲವೆಂದು ನಂಬಿಯೂ ದೇವರ ಲೆಕ್ಕಪತ್ರವನ್ನು ಸರಿಯಾಗಿಡಬೇಕಾದ ಈ ನೌಕರಿ ನನಗೆ ಆಸ್ತಿಕರನ್ನು ಹತ್ತಿರದಿಂದ ನೋಡುವ ಅವಕಾಶ ಕೊಟ್ಟಿತು. ನನ್ನಂಥವರು ಅವರೊಡನೆ ಹಾಸ್ಯದ ದಾರಿಯಲ್ಲಿ ಮಾತನಾಡಿದಾಗ ಏನಾಗುತ್ತದೆ ಎಂಬುದನ್ನೂ ಅಲ್ಲಿಯೇ ಕಂಡೆ.

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯ ಶಾಲೆಯೊಂದರ ಅಂಗಳದಲ್ಲಿ ಒಮ್ಮೆ ಪವಾಡ ಬಯಲು ಕಾರ್ಯಕ್ರಮ ನಡೆಯಿತು. ಪಟ್ಟಣದಿಂದ ಬಂದಿದ್ದ ತರುಣ ಉತ್ಸಾಹಿ, ಮಾತುಗಾರ. ಕತ್ತಿಯಿಂದ ನಿಂಬೆಹಣ್ಣು ಕೊಯ್ದ, ರಕ್ತ ಬಂತು. ತೆಂಗಿನಕಾಯಿಯ ಮೇಲೆ ನೀರು ಚಿಮುಕಿಸಿದ. ಜುಟ್ಟು ಹೊತ್ತಿ ಉರಿಯಿತು. ಆಮೇಲೆ ಗುಟ್ಟು ಹೇಳಿದ. ಕತ್ತಿಗೆ ದಾಸವಾಳದ ರಸ ಸವರಿ ಒಣಗಿಸಲಾಗಿತ್ತು, ನಿಂಬೆಯ ಹುಳಿ ತಾಗಿದೊಡನೆ ಅದು ಕೆಂಪಾಯಿತು. ನಾರಿನ ಸಂದಿಯಲ್ಲಿ ಸೋಡಿಯಂ ಲೋಹದ ಚೂರಿತ್ತು, ನೀರು ಸೋಕಿದೊಡನೆ ಅದು ಹತ್ತಿಕೊಂಡಿತು. ಮಕ್ಕಳು ಕುಣಿದಾಡಿದರು. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು. ಚಪ್ಪಾಳೆಯ ಹುಮ್ಮಸ್ಸಿನಲ್ಲಿ ತರುಣ ಇನ್ನೊಂದು ಹೆಜ್ಜೆ ಮುಂದಿಟ್ಟ. ಇಂಥದ್ದಕ್ಕೆಲ್ಲ ಕೈಮುಗಿಯುವವರ ತಲೆಯೂ ಈ ಕಾಯಿಯಂತೆಯೇ, ಹೊರಗೆ ಜುಟ್ಟು, ಒಳಗೆ ನೀರು ಎಂದ. ಹಿಂದೆ ಕುಳಿತಿದ್ದ ಮುದುಕಿಯೊಬ್ಬಳು ಎದ್ದು ನಿಂತಳು. "ಅಲ್ಲ ಕಣಪ್ಪ, ಕಾಯಿಗೆ ಬೆಂಕಿ ಹತ್ತೋದ ತೋರ್ಸಿದೆ, ಸರಿ. ಕಾಯಿಗೆ ಬೆಲೆ ಹತ್ತೋದು ಯಾವಾಗ, ಅದನ್ನೂ ವಸಿ ತೋರ್ಸು" ಎಂದಳು. ಇಡೀ ಅಂಗಳ ನಕ್ಕಿತು. ಕಾರ್ಯಕ್ರಮ ಅಲ್ಲಿಗೆ ಮುಗಿದಂತಾಯಿತು.

ಮುದುಕಿ ಸೋಡಿಯಂ ಇಲ್ಲವೆನ್ನಲಿಲ್ಲ. ಪವಾಡಪುರುಷರ ಪರವಾಗಿಯೂ ಮಾತಾಡಲಿಲ್ಲ. ತೆಂಗನ್ನೇ ನಂಬಿ ಬಾಳುವ ಸೀಮೆಯಲ್ಲಿ ಜನ ದೇವರ ಮುಂದೆ ನಿಲ್ಲುವುದು ರಸಾಯನಶಾಸ್ತ್ರದ ಅಜ್ಞಾನದಿಂದಷ್ಟೇ ಅಲ್ಲ, ಮಳೆ, ಬೆಲೆ, ಕಾಯಿಲೆ ಇವು ಮೂರೂ ತಮ್ಮ ಕೈಯಲ್ಲಿಲ್ಲದ ಕಾರಣ ಎಂಬುದನ್ನು ಅವಳು ಒಂದೇ ಮಾತಿನಲ್ಲಿ ಹೇಳಿದಳು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಹರಕೆಯೆಂಬುದು ಬೇರೆ ವಿಮೆ ಸಿಗದವರು ಕಟ್ಟುವ ಕಂತು. ಆ ವಿಮೆಯಿಂದ ಪರಿಹಾರ ಬರುವುದಿಲ್ಲವೆಂದು ನಾನು ವಾದಿಸಬಹುದು. ಆದರೆ ಕಂತು ಕಟ್ಟುವವನನ್ನು ನೋಡಿ ನಗುವುದಕ್ಕೂ, ಕಂತು ವಸೂಲು ಮಾಡಿ ಬದುಕುವ ಏಜೆಂಟನನ್ನು ನೋಡಿ ನಗುವುದಕ್ಕೂ ಅಂತರವಿದೆ. ನಮ್ಮ ವಿಚಾರವಾದಿ ವೇದಿಕೆಗಳಲ್ಲಿ ಈ ಅಂತರ ಮತ್ತೆ ಮತ್ತೆ ಮರೆತುಹೋಗುತ್ತದೆ.

ಆಸ್ತಿಕರನ್ನು ಕುರಿತು ನಗುವುದು ನಮ್ಮಲ್ಲಿ ಹೊಸತೇನಲ್ಲ. ಸತ್ತವರಿಗೆ ಇಲ್ಲಿ ಇಟ್ಟ ಪಿಂಡ ಅಲ್ಲಿ ತಲುಪುವುದಾದರೆ ಪ್ರಯಾಣ ಹೊರಟವನಿಗೆ ಬುತ್ತಿ ಏಕೆ ಬೇಕು ಎಂದು ಲೋಕಾಯತರು ಕೇಳಿದ್ದರು. ಅವರ ಸ್ವಂತ ಗ್ರಂಥಗಳು ಬಹುತೇಕ ಕಳೆದುಹೋಗಿವೆ. ಆ ವ್ಯಂಗ್ಯ ಉಳಿದುಬಂದಿರುವುದು ಎದುರಾಳಿಗಳ ಪುಸ್ತಕಗಳಲ್ಲಿ, ಮುಖ್ಯವಾಗಿ ವಿಜಯನಗರ ಕಾಲದ ಮಾಧವಾಚಾರ್ಯರ 'ಸರ್ವದರ್ಶನಸಂಗ್ರಹ'ದ ಮೊದಲ ಅಧ್ಯಾಯದಲ್ಲಿ. ವೇದಾಂತಿಯೊಬ್ಬರು ನಾಸ್ತಿಕರ ನಗೆಯನ್ನು ಇಷ್ಟು ಜೋಪಾನವಾಗಿ ಆರು ಶತಮಾನ ದಾಟಿಸಿದ್ದು ಈ ನೆಲದ ದೊಡ್ಡತನ. ಖಂಡಿಸುವುದಕ್ಕಾಗಿಯಾದರೂ ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳಬೇಕೆಂಬ ಶಿಸ್ತು ಆಗ ಇತ್ತು. ಬಸವಣ್ಣನವರೂ ಕಲ್ಲಿನ ಹಾವಿಗೆ ಒಂದು ನಡೆ, ಜೀವಂತ ಹಾವಿಗೆ ಇನ್ನೊಂದು ನಡೆ ತೋರುವ ನಮ್ಮ ಇಬ್ಬಂದಿತನವನ್ನು ಎತ್ತಿ ಆಡಿದರು, ಅವರು ನಾಸ್ತಿಕರಾಗಿರಲಿಲ್ಲ.

ದಂಡಿಗನಹಳ್ಳಿಯ ತಾಲ್ಲೂಕಿನಲ್ಲಿಯೇ ಇರುವ ಶ್ರವಣಬೆಳಗೊಳ ಈ ವಿಷಯದಲ್ಲಿ ಇನ್ನೂ ಸ್ವಾರಸ್ಯಕರ. ಸೃಷ್ಟಿಕರ್ತ ದೇವರನ್ನು ಒಪ್ಪದ ಧರ್ಮವೊಂದರ 58 ಅಡಿಯ ಮೂರ್ತಿಗೆ ನಾಡಿನ ಆಸ್ತಿಕರೆಲ್ಲ ಕೈಮುಗಿದು ಬರುತ್ತಾರೆ. ಆ ಮೂರ್ತಿಯೆದುರು ಗುಳ್ಳಕಾಯಜ್ಜಿಯ ಶಿಲ್ಪವಿದೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಮೂರ್ತಿಯ ಪಾದ ನೆನೆಯಲಿಲ್ಲವೆಂದೂ, ಮುದುಕಿಯ ಗುಳ್ಳಕಾಯಿಯಷ್ಟು ಹಾಲಿಗೆ ಬೆಟ್ಟವೇ ನೆನೆಯಿತೆಂದೂ ಐತಿಹ್ಯ. ಅದು ನಡೆಯಿತೋ ಇಲ್ಲವೋ ಎಂಬುದು ಮುಖ್ಯವಲ್ಲ. ಕಟ್ಟಿಸಿದ ಮಂತ್ರಿಯ ಗರ್ವವನ್ನು ನೋಡಿ ನಗುವ ಕಥೆಯನ್ನು ಭಕ್ತರೇ ಕಾಪಾಡಿಕೊಂಡು ಬಂದಿದ್ದಾರೆ. ಆಸ್ತಿಕನಿಗೆ ಹಾಸ್ಯಪ್ರಜ್ಞೆಯಿಲ್ಲವೆಂದು ತಿಳಿಯುವ ನಾಸ್ತಿಕ ಇಂದ್ರಗಿರಿಯನ್ನು ಒಮ್ಮೆ ಹತ್ತಿ ಇಳಿಯುವುದು ಒಳ್ಳೆಯದು.

ಹೇಮಾವತಿಯ ದಂಡೆಯಲ್ಲಿ ಇನ್ನಿಬ್ಬರು ಹಿರಿಯರಿದ್ದರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಆಸ್ತಿಕರಾಗಿದ್ದುಕೊಂಡೇ ಹಳ್ಳಿಯ ಭಕ್ತಿಯ ಸೋಗುಗಳನ್ನು ನಗಿಸುತ್ತ ಬರೆದರು. ಕೆಳಗಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಮೋಲಿಯೇರನ ನಾಟಕವನ್ನು 'ಆಷಾಢಭೂತಿ'ಯಾಗಿ ಕನ್ನಡಕ್ಕೆ ತಂದು ಧರ್ಮದ ಹೆಸರಿನ ಕಪಟವನ್ನು ರಂಗದ ಮೇಲೆ ನಿಲ್ಲಿಸಿದರು; ತೊಂಬತ್ತರ ಆಸುಪಾಸಿನಲ್ಲಿ 'ದೇವರು' ಎಂಬ ಪುಸ್ತಕ ಬರೆದು ತಮಗೆ ದೇವರಲ್ಲಿ ನಂಬಿಕೆಯಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಆ ಪುಸ್ತಕವನ್ನು ಓದಿದ ಆಸ್ತಿಕರನೇಕರು ಒಪ್ಪದಿದ್ದರೂ ಮುನಿಯಲಿಲ್ಲ. ಲಲಿತಪ್ರಬಂಧಕಾರನ ಕೈಗೆ ರೂಢಿಯಾಗಿದ್ದ ಒಂದು ಗುಣ ಅಲ್ಲಿ ಕೆಲಸ ಮಾಡಿದೆ: ನಗುವ ಸಾಲಿನಲ್ಲಿ ಮೊದಲು ತನ್ನನ್ನು ನಿಲ್ಲಿಸಿಕೊಂಡು, ಆಮೇಲೆ ಓದುಗನನ್ನು ಪಕ್ಕಕ್ಕೆ ಕರೆಯುವುದು.

ಹಾಗಾದರೆ ಹಾಸ್ಯವೆಂದರೆ ಬರೀ ನಯವೇ? ಖಂಡಿತ ಅಲ್ಲ. ಅಧಿಕಾರದ ಮೂಢನಂಬಿಕೆಯನ್ನು ಕಂಡು ನಗುವಾಗ ನಯದ ಅಗತ್ಯ ಅಷ್ಟಾಗಿ ಇಲ್ಲ. ಭೇಟಿ ಕೊಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ಭಯದಿಂದ ಚಾಮರಾಜನಗರವೆಂಬ ಇಡೀ ಜಿಲ್ಲಾಕೇಂದ್ರ ವರ್ಷಗಟ್ಟಲೆ ಕಡೆಗಣನೆಗೆ ಒಳಗಾಯಿತು. ಸಿದ್ದರಾಮಯ್ಯನವರು ಅಲ್ಲಿಗೆ ಹಲವು ಬಾರಿ ಹೋಗಿ, ಹೋದಷ್ಟೂ ತಮ್ಮ ಕುರ್ಚಿ ಗಟ್ಟಿಯಾಗುತ್ತಿದೆಯೆಂದು ಹೇಳಿ, 2018ರಲ್ಲಿ ಐದು ವರ್ಷ ಪೂರೈಸಿದರು. ಅದೇ ಮುಖ್ಯಮಂತ್ರಿಯ ಕಾರಿನ ಮೇಲೆ 2016ರಲ್ಲಿ ಕಾಗೆ ಕುಳಿತು, ಕೆಲವೇ ದಿನಗಳಲ್ಲಿ ಹೊಸ ಕಾರು ಬಂದಾಗ, ಕಾಗೆಗೂ ಕಾರಿಗೂ ಸಂಬಂಧವಿಲ್ಲವೆಂದು ಸ್ಪಷ್ಟನೆ ಕೊಡಬೇಕಾಯಿತು. ಹೊಳೆನರಸೀಪುರವನ್ನು ಪ್ರತಿನಿಧಿಸುತ್ತಿದ್ದ ಸಚಿವರ ಕೈಯ ನಿಂಬೆಹಣ್ಣು 2019ರಲ್ಲಿ ವಿಧಾನಸಭೆಯವರೆಗೂ ಬಂತು. ಅದೇ ವರ್ಷ ಮುಜರಾಯಿ ಇಲಾಖೆ ಮಳೆಗಾಗಿ ದೇವಸ್ಥಾನಗಳಲ್ಲಿ ಪರ್ಜನ್ಯ ಜಪ ನಡೆಸಲು ಆದೇಶಿಸಿದಾಗ, ಸಹೋದ್ಯೋಗಿಯಾಗಿದ್ದ ಲೆಕ್ಕಪತ್ರ ಅಧಿಕಾರಿಯೊಬ್ಬರು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು: "ಹಣ ಬಳಕೆ ಪ್ರಮಾಣಪತ್ರಕ್ಕೆ ನಾನು ಸಹಿ ಹಾಕುತ್ತೇನೆ, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರಕ್ಕೆ ಯಾರ ಸಹಿ?" ಅವರು ನಿತ್ಯ ಸಂಧ್ಯಾವಂದನೆ ಮಾಡುವವರು. ಸ್ವಂತ ಪೂಜೆಗೂ ಸಾರ್ವಜನಿಕ ಹಣಕ್ಕೂ ಇರುವ ಭೇದ ಅವರಿಗೆ ತಿಳಿದಿತ್ತು.

ನಗುವವನು ಯಾವ ಎತ್ತರದಲ್ಲಿ ನಿಂತಿದ್ದಾನೆ ಎಂಬುದೂ ಮುಖ್ಯ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಮಹಿಳೆಯರು ದೇವಸ್ಥಾನದೊಳಗೆ ಹೋದದ್ದೇ ಊರಿನಲ್ಲಿ ದೊಡ್ಡ ವಿವಾದವಾಯಿತು. ಹೀಗೆ ಗುಡಿಯ ಹೊರಗೆ ನಿಲ್ಲಿಸಲ್ಪಟ್ಟವರು ಆ ದೇವರ ಬಗ್ಗೆ ಆಡುವ ಕಟು ಮಾತನ್ನೂ, ಸಂಬಳದ ನೌಕರಿ, ನಿವೃತ್ತಿ ವೇತನ, ಆರೋಗ್ಯ ವಿಮೆಗಳ ನೆರಳಿನಲ್ಲಿ ಕುಳಿತ ನನ್ನಂಥವನ ವ್ಯಂಗ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅವರದು ಗಾಯದಿಂದ ಬಂದ ಮಾತು. ಅದರ ದನಿ ತಗ್ಗಿಸಿ ಎಂದು ಹೇಳುವ ಹಕ್ಕು ನನಗಿಲ್ಲ.

ಹಾಸ್ಯಕ್ಕೆ ತೆರುವ ಬೆಲೆಯ ವಿಚಾರಕ್ಕೆ ಬರೋಣ. 2014ರ ಜೂನ್‌ನಲ್ಲಿ ಮೂಢನಂಬಿಕೆ ನಿಷೇಧ ಮಸೂದೆಯನ್ನು ಕುರಿತ ಬೆಂಗಳೂರಿನ ವಿಚಾರಸಂಕಿರಣದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರು ಯು.ಆರ್. ಅನಂತಮೂರ್ತಿಯವರ ಪುಸ್ತಕವೊಂದರಲ್ಲಿದ್ದ ಬಾಲ್ಯದ ಪ್ರಸಂಗವನ್ನು ಉಲ್ಲೇಖಿಸಿದರು. ದೇವರ ಕಲ್ಲಿಗೆ ಅಪಚಾರ ಮಾಡಿದರೆ ಏನಾಗುತ್ತದೆಂದು ಹುಡುಗನೊಬ್ಬ ಹೆದರಿಕೆಯಿಂದಲೇ ಪರೀಕ್ಷಿಸಿದ ಕಥೆ ಅದು. ಕಲಬುರ್ಗಿಯವರಾಗಲಿ ಅನಂತಮೂರ್ತಿಯವರಾಗಲಿ ಹಣೆಪಟ್ಟಿ ಹಚ್ಚಿಕೊಂಡ ನಾಸ್ತಿಕರಾಗಿರಲಿಲ್ಲ. ಸಭಾಂಗಣದೊಳಗೆ ಅದು ಭಯವನ್ನು ಕುರಿತ ಮಾತು. ವಾರ್ತಾವಾಹಿನಿಗಳ ಮೂಲಕ ಹೊರಗೆ ಬಂದಾಗ ಭಯ ಕಳಚಿಹೋಗಿ ಅಪಚಾರವಷ್ಟೇ ಉಳಿಯಿತು. ದೂರುಗಳು ದಾಖಲಾದವು, ಪ್ರತಿಭಟನೆಗಳು ನಡೆದವು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯಲ್ಲಿಯೇ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಆ ಭಾಷಣವೇ ಕೊಲೆಗೆ ಪ್ರೇರಣೆಯೆಂದು ತನಿಖಾ ತಂಡ ಆರೋಪಪಟ್ಟಿಯಲ್ಲಿ ಹೇಳಿದೆ. ಅದಕ್ಕೆ ಮೊದಲು 2013ರಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರ ಆರಂಭದಲ್ಲಿ ಕೊಲ್ಹಾಪುರದ ಗೋವಿಂದ ಪಾನ್ಸರೆ, ಅನಂತರ 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಗೀಡಾದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಗೆಯ ಮರ್ಯಾದೆಯನ್ನು ಕುರಿತು ನಾನು ಹೇಳುತ್ತಿರುವುದೆಲ್ಲ ಮಾತಾಡುವವನ ವಿವೇಕಕ್ಕೆ ಸಂಬಂಧಿಸಿದ್ದು. ಕಾನೂನಿಗೂ ಪೊಲೀಸರಿಗೂ ಸಂಬಂಧಿಸಿದ್ದಲ್ಲ. ಕೆಟ್ಟ ಹಾಸ್ಯ ಕೆಟ್ಟ ಅಭಿರುಚಿಯಷ್ಟೇ. 1927ರಲ್ಲಿ ದಂಡಸಂಹಿತೆಗೆ ಸೇರಿದ 295ಎ ಕಲಮು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿ ಮುಂದುವರಿದಿದೆ. ಉದ್ದೇಶಪೂರ್ವಕವಾದ, ದುರುದ್ದೇಶದಿಂದ ಕೂಡಿದ ಅಪಮಾನಕ್ಕೆ ಮಾತ್ರ ಅದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1957ರಷ್ಟು ಹಿಂದೆಯೇ ಹೇಳಿದೆ. ಆದರೂ ಯಾರದೋ ಮನಸ್ಸು ನೊಂದಿತೆಂಬ ಒಂದು ಅರ್ಜಿಯ ಮೇಲೆ ಠಾಣೆಗಳಲ್ಲಿ ಪ್ರಕರಣ ದಾಖಲಾಗುತ್ತದೆ. ಹಾಸ್ಯಕ್ಕೆ ಹಾಸ್ಯದಿಂದ ಉತ್ತರ ಕೊಟ್ಟ ದಂಡಿಗನಹಳ್ಳಿಯ ಮುದುಕಿಗೆ ಯಾವ ಕಲಮೂ ಬೇಕಾಗಿರಲಿಲ್ಲ. ತನ್ನ ನಂಬಿಕೆಯ ಬಗ್ಗೆ ಅಷ್ಟು ಭರವಸೆಯುಳ್ಳ ಆಸ್ತಿಕರು ನಮ್ಮ ಸಾರ್ವಜನಿಕ ಜೀವನದಲ್ಲಿ ಕಡಿಮೆಯಾಗುತ್ತಿರುವುದು ನಾಸ್ತಿಕರಿಗಿಂತ ಧರ್ಮಕ್ಕೆ ಹೆಚ್ಚಿನ ನಷ್ಟ.

ಇನ್ನು ನಾಸ್ತಿಕರ ಹೊಣೆ. ಹಾಸ್ಯದಿಂದ ಏನು ಸಾಧಿಸಬೇಕೆಂದು ಮೊದಲು ನಿರ್ಧರಿಸಿಕೊಳ್ಳಬೇಕು. ಗ್ರಹಣದ ಹೊತ್ತಿನಲ್ಲಿ ಬೆಂಗಳೂರಿನ ಪುರಭವನದ ಮುಂದೆ ವಿಚಾರವಾದಿಗಳು ತಿಂಡಿ ತಿನ್ನುವುದುಂಟು. ತಿಂದವರಿಗೆ ಏನೂ ಆಗದು ಎಂಬುದು ತಿಂದವರಿಗೆ ಮೊದಲೇ ಗೊತ್ತು. ಅಲ್ಲಿ ಕ್ಯಾಮೆರಾ ಇರುತ್ತದೆ, ಮನಸ್ಸು ಬದಲಿಸಿಕೊಳ್ಳಬೇಕಾದ ಗರ್ಭಿಣಿ ಸೊಸೆಯೂ ಅವಳ ಅತ್ತೆಯೂ ಇರುವುದಿಲ್ಲ. 2019ರ ಡಿಸೆಂಬರ್‌ನ ಸೂರ್ಯಗ್ರಹಣದ ದಿನ ಕಲಬುರಗಿ ಬಳಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದ ತಂದೆತಾಯಿಯರ ಬಳಿ ಯಾರ ಹಾಸ್ಯವೂ ತಲುಪಿರಲಿಲ್ಲ. ಒಂದು ದಿನದ ಮಟ್ಟಿಗಾದರೂ ಆ ಮಕ್ಕಳ ಚಿಕಿತ್ಸೆಯ ಭರವಸೆ ಹೊತ್ತು ಅವರ ಮನೆಗೆ ಹೋದವನಿಗೆ ಬಹುಶಃ ಹಾಸ್ಯವಾಡುವ ಅಧಿಕಾರವೂ ಬರುತ್ತಿತ್ತು.

ಅಂಥ ಅಧಿಕಾರವನ್ನು ಗಳಿಸಿದ್ದವರೊಬ್ಬರನ್ನು ನಾನು ಬಲ್ಲೆ. ಅದೇ ಹೋಬಳಿಯಲ್ಲಿ ಆರೋಗ್ಯ ಸಹಾಯಕರಾಗಿದ್ದವರು, ದೇವರನ್ನು ನಂಬದವರು. ಹುಡುಗನೊಬ್ಬನಿಗೆ ತೆಂಗಿನ ತೋಟದಲ್ಲಿ ಹಾವು ಕಚ್ಚಿತ್ತು. ಮನೆಯವರು ಮಂತ್ರವಾದಿಯನ್ನು ಕರೆಸಿದ್ದರು. ಮಂತ್ರ ಅರ್ಧಕ್ಕೆ ನಿಂತರೆ ವಿಷ ಏರುತ್ತದೆಂದು ಹುಡುಗನನ್ನು ಕದಲಿಸಲು ಬಿಡಲಿಲ್ಲ. ನಮ್ಮ ಇಲಾಖೆಯ ಜೀಪು ಹೊರಗೆ ನಿಂತಿತ್ತು. ಮೂಢನಂಬಿಕೆಯ ಮೇಲೆ ಉಪನ್ಯಾಸ ಕೊಡುವ ಹೊತ್ತು ಅದಾಗಿರಲಿಲ್ಲ. ಆರೋಗ್ಯ ಸಹಾಯಕರು ಮಂತ್ರವಾದಿಯ ಹೆಗಲ ಮೇಲೆ ಕೈಹಾಕಿ, "ಮಂತ್ರ ನಿಲ್ಲಿಸ್ಬೇಡ ಅಜ್ಜ, ಜೀಪಲ್ಲಿ ಕೂತ್ಕೊಂಡು ಹಾಕು. ನೀನು ಆ ಕಡೆಯಿಂದ ಹೆದರ್ಸು, ಡಾಕ್ಟ್ರು ಈ ಕಡೆಯಿಂದ ಚುಚ್ಚಲಿ, ವಿಷ ಎಲ್ಲಿಗೆ ಓಡುತ್ತೆ ನೋಡೇಬಿಡಾಣ" ಎಂದರು. ಅಳುತ್ತಿದ್ದ ತಾಯಿಯೂ ಒಂದು ಕ್ಷಣ ನಕ್ಕಳು. ಜೀಪು ಚನ್ನರಾಯಪಟ್ಟಣದ ಆಸ್ಪತ್ರೆಯತ್ತ ಹೊರಟಿತು. ಹುಡುಗ ಉಳಿದ.

ಇದು ಮೂಢನಂಬಿಕೆಯೊಡನೆ ಮಾಡಿಕೊಂಡ ರಾಜಿ, ಗೆದ್ದ ಕೀರ್ತಿಯಲ್ಲಿ ಅರ್ಧ ಪಾಲನ್ನು ಮಂತ್ರವಾದಿಗೆ ಕೊಟ್ಟಂತಾಯಿತು ಎಂದು ವಿಚಾರವಾದಿ ಗೆಳೆಯರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಮಗನನ್ನು ಕಳೆದುಕೊಂಡ ಮನೆಯಲ್ಲಿ ವಿಚಾರವಾದವನ್ನು ಕೇಳುವವರಾರು? ಆ ಸಹಾಯಕರು ವಾದವನ್ನು ಬಿಟ್ಟುಬಿಡಲಿಲ್ಲ, ಮುಂದೂಡಿದರು. ವಾರ ಕಳೆದ ಮೇಲೆ ಅದೇ ಊರಿನ ಟೀ ಅಂಗಡಿಯಲ್ಲಿ ಕುಳಿತು, ಮಂತ್ರವಾದಿಯ ಕೀರ್ತಿಯಲ್ಲಿ ಮುಕ್ಕಾಲು ಪಾಲು ಕೇರೆಹಾವಿಗೆ ಸಲ್ಲಬೇಕು ಎಂದು ಶುರುಮಾಡಿದರು. ನಮ್ಮಲ್ಲಿರುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವು ಕೂಡ ಕೆಲವೊಮ್ಮೆ ವಿಷವಿಳಿಸದೆ ಕಚ್ಚುತ್ತದೆ. ಹಾಗಾಗಿ ಯಾರು ಮಂತ್ರ ಹಾಕಿದರೂ, ಹಾಕದಿದ್ದರೂ, ಬದುಕಿಕೊಳ್ಳುವವರೇ ಹೆಚ್ಚು. ಬದುಕಿದವರು ಮಂತ್ರವಾದಿಯ ಪ್ರಚಾರಕರಾಗುತ್ತಾರೆ, ಸತ್ತವರು ದೂರು ಕೊಡುವುದಿಲ್ಲ. ಸಂಖ್ಯಾಶಾಸ್ತ್ರದ ಪಾಠವೊಂದನ್ನು ಕೇರೆಹಾವಿನ ನೆಪದಲ್ಲಿ ಅಷ್ಟು ಸರಳವಾಗಿ ಹೇಳಿದ್ದನ್ನು ನಾನು ವಿಶ್ವವಿದ್ಯಾಲಯದಲ್ಲೂ ಕೇಳಿರಲಿಲ್ಲ. ಕೇಳುತ್ತಿದ್ದವರಲ್ಲಿ ಆ ಮಂತ್ರವಾದಿಯೂ ಇದ್ದ.

ಇದು ಸಣ್ಣ ವಿಷಯವಲ್ಲ. 2000ದಿಂದ 2019ರವರೆಗಿನ ಎರಡು ದಶಕಗಳಲ್ಲಿ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತರೆಂಬುದು ಸಂಶೋಧಕರ ಅಂದಾಜು. ಬಹುಪಾಲು ಹಳ್ಳಿಗಳ ಬಡವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. 2017ರಲ್ಲಿ ಶಾಸನಸಭೆ ಅಂಗೀಕರಿಸಿ 2020ರಲ್ಲಿ ಜಾರಿಗೆ ಬಂದ ಮೂಢನಂಬಿಕೆ ವಿರೋಧಿ ಕಾಯ್ದೆ, ಹಾವು ಕಚ್ಚಿದವರನ್ನು ವೈದ್ಯರ ಬಳಿಗೆ ಹೋಗದಂತೆ ತಡೆದು ಮಂತ್ರ-ತಂತ್ರ ಮಾಡುವುದನ್ನು ಅಪರಾಧವೆಂದಿದೆ. ಕಾಯ್ದೆ ಅಗತ್ಯ. ಆದರೆ ರಾತ್ರಿ ಹತ್ತು ಗಂಟೆಗೆ ತೋಟದ ಮನೆಯಲ್ಲಿ ಕಾಯ್ದೆ ಪುಸ್ತಕ ಓದಿಸಿ ರೋಗಿಯನ್ನು ಜೀಪು ಹತ್ತಿಸಲಾಗದು. ಅಲ್ಲಿ ಬೇಕಾಗುವುದು ಆ ಮನೆಯವರ ಭಯವನ್ನು ಅರಿತು, ಅವರನ್ನು ನಗಿಸಿ ಎಬ್ಬಿಸಬಲ್ಲ ಒಬ್ಬ ಮನುಷ್ಯ.

ನಾಸ್ತಿಕರು ನಗುವುದನ್ನು ಬಿಡಬೇಕಾಗಿಲ್ಲ. ಬಿಟ್ಟರೆ ಈ ನಾಡಿನ ಹಳೆಯ ಪರಂಪರೆಯೊಂದು ಬಡವಾಗುತ್ತದೆ. ಉಂಗುರ ಬರಿಸುವವರಿಂದ ಕುಂಬಳಕಾಯಿ ಕೇಳೋಣ, ಜಪಕ್ಕೆ ಖರ್ಚಾದ ಸರ್ಕಾರಿ ಹಣದ ಲೆಕ್ಕ ಕೇಳೋಣ. ಹರಕೆ ಹೊತ್ತು ನಿಂತ ಮುದುಕಿಯ ಎದುರು ಮಾತ್ರ ನಗುವ ಮೊದಲು ಅವಳ ತೋಟದ ಕಾಯಿಗೆ ಈ ವರ್ಷ ಏನು ಬೆಲೆ ಸಿಕ್ಕಿತೆಂದು ವಿಚಾರಿಸುವುದು ಲೇಸು.